ನೀಲಿ ಬಣ್ಣಕ್ಕೆ ಹೆದರಿದ ಲೆಕ್ಕದ ಮಾಸ್ಟ್ರು

ಕಳೆದ ತಿಂಗಳು ಮೂಡುಬಿದಿರೆಯ ಪೇಟೆಯಲ್ಲಿ ದಿನಸಿ ಅಂಗಡಿಯವನು ಓಲೆಬೆಲ್ಲದ ಕಟ್ಟೊಂದನ್ನು ನನ್ನೆದುರೇ ಬಿಚ್ಚಿದ. ಒಣಗಿದ ತಾಳೆಗರಿಯ ಸುತ್ತು ಸಡಿಲವಾದದ್ದೇ ತಡ, ಹೊಗೆ ಹಿಡಿದಂತಹ, ಒಳಗೊಳಗೇ ಒಂದಿಷ್ಟು ಹುಳಿ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು. ನಾನು ಅಲ್ಲಿಯೇ ನಿಂತುಬಿಟ್ಟೆ.

"ನಿಮಗೆ ಶುಗರ್ ಅಲ್ವಾ ಮಾಸ್ಟ್ರೇ? ಬೆಲ್ಲ ಯಾರಿಗೆ?" ಎಂದು ಅವನು ನಕ್ಕ.

"ನನಗೇ. ಕಟ್ಟಿ ಕೊಡು" ಎಂದೆ.

ಮನೆಗೆ ಬರುವ ದಾರಿಯುದ್ದಕ್ಕೂ ಆ ಕಟ್ಟು ನನ್ನ ಕೈಚೀಲದಲ್ಲಿ ವಾಸನೆ ಬೀರುತ್ತಲೇ ಇತ್ತು, ಮತ್ತು ಅರುವತ್ತು ವರ್ಷಗಳಿಗೂ ಹಿಂದಿನ ಒಬ್ಬ ಮನುಷ್ಯ ನನ್ನ ಜೊತೆಗೇ ನಡೆಯುತ್ತಿದ್ದರು. ಎತ್ತರದ ಆಳು. ಬಿಳಿ ಪಂಚೆ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು. ಕೋಟಿನ ಬಲಗಿಸೆಯಲ್ಲಿ ಸೀಮೆಸುಣ್ಣ, ಎಡಗಿಸೆಯಲ್ಲಿ ಕಾಗದದಲ್ಲಿ ಸುತ್ತಿದ ಓಲೆಬೆಲ್ಲ. ನಮ್ಮ ಹೈಸ್ಕೂಲಿನ ಲೆಕ್ಕದ ಮಾಸ್ಟ್ರು.

ಅವರನ್ನು "ಪಾಪ" ಎಂದು ನೆನೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರು ಪಾಪ ಆಗಿರಲಿಲ್ಲ.

ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿದ ಹೊಸತು. ನೆರಿಯದ ಕಾಡಂಚಿನ ಹಳ್ಳಿಯಿಂದ ಹೊರಟು, ಬಂಟ್ವಾಳದ ಹತ್ತಿರದ ಒಂದು ಹೈಸ್ಕೂಲಿಗೆ ವಿಜ್ಞಾನದ ಮಾಸ್ಟ್ರಾಗಿ ಸೇರಿದ್ದೆ. ಇರಲಿಕ್ಕೆ ಜಾಗ ಹುಡುಕುತ್ತಿದ್ದಾಗ ಲೆಕ್ಕದ ಮಾಸ್ಟ್ರೇ ಕರೆದು, "ನಮ್ಮ ಮನೆಯ ಬದಿಯಲ್ಲಿ ಒಂದು ಕೋಣೆ ಖಾಲಿ ಉಂಟು. ಆದರೆ ಒಂದು ಷರತ್ತು" ಎಂದರು. ಬಾಡಿಗೆಯ ಮಾತು ಎಂದುಕೊಂಡೆ. ಅಲ್ಲ. ಶಾಲೆಯ ಲ್ಯಾಬಿನಲ್ಲಿ ನೀಲಿ ದ್ರಾವಣವೊಂದು ಇತ್ತಲ್ಲ, ಸಕ್ಕರೆಯ ಅಂಶ ಪರೀಕ್ಷೆ ಮಾಡುವಂಥದ್ದು, ಅದನ್ನು ನಾನು ಅವರಿಗೆ ಆಗಾಗ ತಯಾರಿಸಿ ಕೊಡಬೇಕಿತ್ತು.

ಅವರಿಗೆ ಸಿಹಿಮೂತ್ರ. ಆಗ ಹಾಗೆಯೇ ಹೇಳುತ್ತಿದ್ದದ್ದು. ಮಾತ್ರೆಗೆ ಬಗ್ಗುವ ಜಾತಿಯದ್ದಲ್ಲ, ದಿನಾ ಬೆಳಿಗ್ಗೆ, ಸಂಜೆ ಸೂಜಿ ಚುಚ್ಚಿಕೊಳ್ಳಬೇಕಾದದ್ದು. ಇನ್ಸುಲಿನ್ ಮಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿತ್ತು. ಅದನ್ನು ಅಡಿಗೆಮನೆಯ ಮೂಲೆಯಲ್ಲಿ, ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಹೂತು ಇಡುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅಕ್ಕ ಬೆಳಿಗ್ಗೆ ಎದ್ದು ಗಾಜಿನ ಸಿರಿಂಜನ್ನು ಸಣ್ಣ ತಪ್ಪಲೆಯಲ್ಲಿ ಕುದಿಸಲು ಇಡುವಾಗ ಕೇಳುವ ಕಿಣಿಕಿಣಿ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಆಮೇಲೆ ಮಾಸ್ಟ್ರು ಬಚ್ಚಲಿನ ಹೊರಗೆ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ಕೊಳವೆಯಲ್ಲಿ ನನ್ನ ನೀಲಿ ದ್ರಾವಣಕ್ಕೆ ಮೂತ್ರದ ಹನಿಗಳನ್ನು ಬಿಟ್ಟು ಕಾಯಿಸುತ್ತಿದ್ದರು. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆ ಹತೋಟಿಯಲ್ಲಿದೆ ಎಂದರ್ಥ. ಹಸಿರಾದರೆ ಸ್ವಲ್ಪ ಉಂಟು. ಹಳದಿಯಾದರೆ ಜಾಸ್ತಿ. ಇಟ್ಟಿಗೆಯ ಕೆಂಪಾದರೆ ಮಿತಿಮೀರಿದೆ.

"ಇವತ್ತು ನೀಲಿ!" ಎಂದು ಅವರು ಅಂಗಳದಿಂದಲೇ ಕೂಗಿ ಹೇಳುತ್ತಿದ್ದರು, ಪರೀಕ್ಷೆಯಲ್ಲಿ ಪಾಸಾದವರ ಹಾಗೆ.

ಸಕ್ಕರೆ ಬಿಡಬೇಕಾದ ಕಾಯಿಲೆಯ ಮನುಷ್ಯ ಕಿಸೆಯಲ್ಲಿ ಬೆಲ್ಲ ಇಟ್ಟುಕೊಳ್ಳುವುದು ಊರಿನವರಿಗೆ ತಮಾಷೆಯಾಗಿತ್ತು. ಕಳ್ಳತಿಂಡಿ ಎಂದು ಹಿಂದಿನಿಂದ ನಗುತ್ತಿದ್ದರು. ನನಗೂ ಮೊದಲು ಅರ್ಥವಾಗಿರಲಿಲ್ಲ. ಒಂದು ದಿನ ಅವರೇ ಬಿಡಿಸಿ ಹೇಳಿದರು. ಸೂಜಿ ಚುಚ್ಚಿಕೊಂಡ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಮೊದಲು ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ಆಮೇಲೆ ಮಾತು ತಪ್ಪುತ್ತದೆ, ಕೊನೆಗೆ ಪ್ರಜ್ಞೆ. ಹಾಗೆ ಬಿಟ್ಟರೆ ಮನುಷ್ಯ ಏಳುವುದಿಲ್ಲ. ಹೊತ್ತಿಗೆ ಸರಿಯಾಗಿ ಒಂದು ತುಂಡು ಬೆಲ್ಲ ಬಾಯಿಗೆ ಬಿದ್ದರೆ ಎಲ್ಲವೂ ಸರಿ. "ಮೇಲೆ ಹೋದರೂ ಕಷ್ಟ, ಕೆಳಗೆ ಹೋದರೂ ಕಷ್ಟ ಮಾರಾಯ. ಸಂಕದ ಮೇಲೆ ನಡೆದ ಹಾಗೆ" ಎಂದು ನಕ್ಕಿದ್ದರು. ಮಳೆಗಾಲದಲ್ಲಿ ತೋಡಿಗೆ ಅಡ್ಡ ಹಾಕಿದ ಅಡಿಕೆಮರದ ಸಂಕದ ಮೇಲೆ ಹುಟ್ಟಿನಿಂದ ನಡೆದವನು ನಾನು. ಅದು ನನಗೆ ತಕ್ಷಣ ಅರ್ಥವಾಗಿತ್ತು.

ಆ ನಗು ನಿಂತದ್ದು ಒಂದು ಮದುವೆಯ ದಿನ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆ, ಮೂಡುಬಿದಿರೆಯಿಂದ ಆಚೆಯ ಒಂದು ಊರಿನಲ್ಲಿ. ನಾವಿಬ್ಬರೂ ಹೋಗಿದ್ದೆವು. ದಿಬ್ಬಣದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮುಹೂರ್ತವೇನೋ ಹೇಗೋ ಸುಧಾರಿಸಿತು, ಆದರೆ ಊಟಕ್ಕೆ ಎಲೆ ಹಾಕುವ ಲಕ್ಷಣವೇ ಇರಲಿಲ್ಲ. ಮಾಸ್ಟ್ರನ್ನು ಹಿರಿಯರ ಸಾಲಿನಲ್ಲಿ ಕೂರಿಸಿಕೊಂಡಿದ್ದರು. ಎಲ್ಲರೂ ಹಸಿದು ಕೂತಿರುವಾಗ ತಾನೊಬ್ಬ ಕಿಸೆಯಿಂದ ಬೆಲ್ಲ ತೆಗೆದು ಜಗಿಯುವುದು ಮಾಸ್ಟ್ರಿಗೆ ಸರಿ ಕಾಣಲಿಲ್ಲ. ಸಂಜೆ ಮನೆಗೆ ಮುಟ್ಟಬೇಕಿತ್ತು, ಬಸ್ಸು ತಪ್ಪಿದರೆ ಮತ್ತೆ ಇರಲಿಲ್ಲ. ಊಟ ಮಾಡದೆಯೇ ಎದ್ದು ಹೊರಟೆವು. ಬಿಸಿಲಿನಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ನಡೆಯುತ್ತಾ ಅವರು ಎರಡು ಬಾರಿ ಎಡವಿದರು. "ಮಾಸ್ಟ್ರೇ, ಬೆಲ್ಲ ತಿನ್ನಿ" ಎಂದೆ. "ದಾಲ ಆತ್‌ಜಿ" ಎಂದರು ತುಳುವಿನಲ್ಲಿ, ಏನೂ ಆಗಿಲ್ಲವೆಂದು. ನನ್ನೊಡನೆ ಕನ್ನಡವನ್ನು ಬಿಟ್ಟು ಮಾತಾಡದ ಮನುಷ್ಯ. ಮಾತು ತಪ್ಪುತ್ತಿದೆಯೆಂದು ಆಗಲೇ ನನಗೆ ಅನುಮಾನ ಬಂತು.

ಅದು ಪಾನನಿರೋಧದ ಕಾಲ. ಕಳ್ಳು ಕುಡಿದವನು ಬೀದಿಯಲ್ಲಿ ತೂರಾಡಿದರೆ ನೇರ ಪೋಲೀಸ್ ಚೌಕಿಗೆ. ಬಸ್ಸಿಗೆ ಕಾಯುವವರ ನಡುವೆ ಮಾಸ್ಟ್ರು ಓಲಾಡುತ್ತಾ ಯಾರದ್ದೋ ಬುಟ್ಟಿಯ ಮೇಲೆ ಬಿದ್ದರು. ಎತ್ತಲು ಹೋದವರನ್ನು ಬೈದರು. ಅಲ್ಲಿದ್ದ ಪೇದೆ ಓಡಿ ಬಂದು ತೋಳು ಹಿಡಿದ. ನಾನು ಕಾಯಿಲೆಯೆಂದು ಹೇಳಿದೆ, ಕೋಟಿನ ಕಿಸೆಗೆ ಕೈ ಹಾಕಿ ಬೆಲ್ಲ ತೆಗೆದೆ. ಪೇದೆ ಅದನ್ನು ಕಸಿದು ಮೂಸಿ ನೋಡಿದ. ಓಲೆಬೆಲ್ಲವೆಂದರೆ ತಾಳೆಮರದ ರಸದಿಂದಲೇ ಆದದ್ದು, ಕಳ್ಳೂ ಅದೇ ಮರದ್ದು.

"ಇದು ಕಳ್ಳಿನ ವಾಸನೆಯೇ. ಬಾಯಿಯ ವಾಸನೆ ಮರೆಸಲಿಕ್ಕೆ ಬೆಲ್ಲ ತಿನ್ನಿಸ್ತೀರಾ?"

"ಅವರಿಗೆ ಸಿಹಿಮೂತ್ರ. ಸಕ್ಕರೆ ಇಳಿದಿದೆ. ಈಗ ಸಿಹಿ ಕೊಡದಿದ್ದರೆ ಸಾಯ್ತಾರೆ!"

"ಸಿಹಿಮೂತ್ರದವರಿಗೆ ಸಿಹಿ ಕೊಡುವುದಾ? ನನಗೆ ಅಷ್ಟೂ ಗೊತ್ತಿಲ್ವಾ?"

ಚೌಕಿಯ ಬೆಂಚಿನ ಮೇಲೆ ಅವರನ್ನು ಕೂರಿಸಿದರು. ಅಲ್ಲಿ ನಡೆದದ್ದನ್ನು ನೋಡಿದವರು ಆ ಪೇದೆ ಮತ್ತು ನಾನು, ಇಬ್ಬರೇ... ಅಷ್ಟರಲ್ಲಿ ಎಸ್ಸೈ ಬಂದರು. ಒದ್ದೆಯಾದ ಕೋಟು, ಬಿಳುಚಿದ ಮುಖ ನೋಡಿ ಏನನ್ನಿಸಿತೋ, ಎದುರಿನ ಹೋಟೆಲಿನಿಂದ ಚಾ ತರಿಸಿದರು. ನಾನು ಅದಕ್ಕೆ ಸಕ್ಕರೆ ಸುರಿದು ಸುರಿದು, ಮಾಸ್ಟ್ರ ತಲೆಯನ್ನು ತೋಳಿಗೆ ಆನಿಸಿಕೊಂಡು ಸ್ವಲ್ಪಸ್ವಲ್ಪವೇ ಕುಡಿಸಿದೆ. ನೋಡನೋಡುತ್ತಿದ್ದ ಹಾಗೆ ಮನುಷ್ಯ ತಿರುಗಿ ಬಂದರು. ಕಣ್ಣು ನೆಟ್ಟಗಾಯಿತು. ಸುತ್ತ ನೋಡಿ, ಗೋಡೆಗೆ ತೂಗುಹಾಕಿದ್ದ ಬೇಡಿ ನೋಡಿ, "ನಾವು ಎಲ್ಲಿದ್ದೇವೆ?" ಎಂದು ಮೆಲ್ಲಗೆ ಕೇಳಿದರು.

ಕೇಸು ಆಗಲಿಲ್ಲ. ಆದರೆ ಮದುವೆಗೆ ಬಂದವರೆಲ್ಲ ಅದೇ ದಾರಿಯಾಗಿ ಹೋದವರು. ನಾವು ಬಂಟ್ವಾಳ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಲೆಕ್ಕದ ಮಾಸ್ಟ್ರು ಕುಡಿದು ಬಿದ್ದಿದ್ದರಂತೆ.

ಕೆಲವು ದಿನಗಳ ನಂತರ, ಶಾಲೆ ಬಿಟ್ಟು ನೇತ್ರಾವತಿಯ ದಂಡೆಯ ದಾರಿಯಲ್ಲಿ ಬರುತ್ತಿದ್ದಾಗ ಅವರು ನಿಂತು ಕೇಳಿದರು. "ಅಲ್ಲಿ ನಾನು ಎಂತ ಹೇಳಿದೆ? ನೀನು ಇದ್ದೆಯಲ್ಲ. ಹೇಳು."

ಮರೆತಿದೆಯೆಂದೆ. ಅವರು ಬಿಡಲಿಲ್ಲ. ನಾನು ಹೇಳಬೇಕಾಯಿತು. ಅವರು ಪೇದೆಯ ಕಾಲು ಹಿಡಿದಿದ್ದರು. ಶಾಲೆಯವರಿಗೆ ಹೇಳಬೇಡಿ, ಇನ್ನು ಮುಂದೆ ಮಾಡುವುದಿಲ್ಲ ಎಂದು ಅತ್ತಿದ್ದರು.

ಅವರು ನದಿಯ ಕಡೆ ತಿರುಗಿದರು. "ನಾನು ಕುಡಿದೇ ಇಲ್ಲ. ಮತ್ತೆ ಇನ್ನು ಮುಂದೆ ಮಾಡುವುದಿಲ್ಲ ಅಂತ ಹೇಳಿದ್ದು ಯಾರು? ಬೀಳುವುದಕ್ಕೆ ನನಗೆ ಹೆದರಿಕೆ ಇಲ್ಲ ಮಾರಾಯ. ಸಾಯುವುದಕ್ಕೂ ಇಲ್ಲ ಅಂತ ಇಟ್ಟುಕೋ. ನನ್ನ ಬಾಯಿಯಲ್ಲಿ ಬೇರೆ ಯಾರೋ ಕೂತು ಮಾತಾಡ್ತಾರಲ್ಲ..." ಎಂದು ಅಲ್ಲಿಗೇ ನಿಲ್ಲಿಸಿದರು.

ಆ ದಿನದಿಂದ ಅವರಿಗೆ ನೀಲಿ ಬಣ್ಣದ ಭಯ ಹಿಡಿಯಿತು. ಬೆಳಿಗ್ಗೆ ಕೊಳವೆಯಲ್ಲಿ ನೀಲಿ ಉಳಿದರೆ ಮುಖ ಕಪ್ಪಿಡುತ್ತಿತ್ತು. ನೀಲಿಯೆಂದರೆ ಸಕ್ಕರೆ ಇಲ್ಲ, ಇಲ್ಲವೆಂದರೆ ಇನ್ನೂ ಕೆಳಗಿಳಿಯಬಹುದು, ಇಳಿದರೆ ಮತ್ತೆ ಆ ಬೆಂಚು. ಯಾರಿಗೂ ಹೇಳದೆ ಮದ್ದು ಅರ್ಧಕ್ಕೆ ಇಳಿಸಿದರು. ಇಡ್ಲಿಯ ಮೇಲೆ ಬೆಲ್ಲದ ಪಾಕ ಬಂತು. ಅಕ್ಕನೂ ಹೆದರಿದ್ದರು, ಬೇಡವೆನ್ನುವ ಧೈರ್ಯ ಅವರಿಗಿರಲಿಲ್ಲ. ಹೊತ್ತುಹೊತ್ತಿಗೆ ಗಂಡನ ಹಣೆ ಮುಟ್ಟಿ ಬೆವರಿದೆಯೇ ಎಂದು ನೋಡುತ್ತಿದ್ದರು, ನೋಡುತ್ತಿಲ್ಲವೆಂಬ ಹಾಗೆ ನಟಿಸುತ್ತಾ. ಬಣ್ಣ ದಿನಾ ಇಟ್ಟಿಗೆಯ ಕೆಂಪು. ಕೆಂಪು ಕಂಡರೆ ಮಾಸ್ಟ್ರು ನೆಮ್ಮದಿಯಿಂದ ಕೋಟು ತೊಡುತ್ತಿದ್ದರು. ಕ್ಲಾಸಿನಲ್ಲಿ ನೀರು ಕುಡಿದದ್ದೇ ಕುಡಿದದ್ದು. ಮೈ ಇಳಿಯಿತು. ಕೋಟಿನೊಳಗೆ ಆಳು ಇದ್ದಾರೋ ಇಲ್ಲವೋ ಎನ್ನುವ ಹಾಗಾಯಿತು.

ಮಳೆ ಹಿಡಿದ ಮೇಲೆ ಚಪ್ಪಲಿಯ ಮೊಳೆ ತಾಗಿ ಎಡಗಾಲಿನಲ್ಲಿ ಸಣ್ಣ ಗಾಯವಾಯಿತು. ಅದು ವಾಸಿಯಾಗುವ ಬದಲು ಬೆಳೆಯಿತು. ಪೇಟೆಯ ಡಾಕ್ಟ್ರು ಮನೆಗೇ ಬಂದರು. ಕೋಪಕ್ಕೆ ಹೆಸರಾದ ಮುದುಕರು. ಗಾಯ ನೋಡಿದರು, ಕೊಳವೆಯ ಬಣ್ಣ ನೋಡಿದರು, ಮಡಕೆಯಲ್ಲಿ ಮುಗಿಯದೆ ಉಳಿದ ಮದ್ದನ್ನೂ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು.

"ಕೆಳಗೆ ಬಿದ್ದರೆ ಒಂದು ತುಂಡು ಬೆಲ್ಲ ಸಾಕು, ಎದ್ದು ಬರ್ತೀರಿ. ಮೇಲೆ ಹತ್ತಿ ಕೂತರೆ ಎಳೆದು ತರಲಿಕ್ಕೆ ನನ್ನ ಹತ್ತಿರ ಮದ್ದಿಲ್ಲ. ಕಾಲು ಹೋಗ್ತದೆ, ಕಣ್ಣು ಹೋಗ್ತದೆ. ಪೋಲೀಸಿನವನಿಗೆ ಹೆದರಿ ಕಾಲು ಕೊಡ್ತೀರಾ ಮಾಸ್ಟ್ರೇ?"

ಕಾಲಿನ ಎರಡು ಬೆರಳು ಹೋದವು. ಕಾಲು ಉಳಿಯಿತು. ಬ್ಯಾಂಡೇಜು ಕಟ್ಟಿಕೊಂಡು ಮಲಗಿದ್ದ ಆ ವಾರಗಳಲ್ಲಿ ಅವರ ಒಳಗೆ ಏನು ನಡೆಯಿತೋ ನಾನು ಬಲ್ಲೆನೆಂದು ಹೇಳಲಾರೆ. ಆದರೆ ಒಂದು ಬೆಳಿಗ್ಗೆ ಅಂಗಳದಲ್ಲಿ ಆ ಹಳೆಯ ಗಂಟಲು ಕೇಳಿತು. "ಇವತ್ತು ನೀಲಿ!" ಸಂತೋಷದ ಕೂಗಲ್ಲ ಅದು. ಯುದ್ಧಕ್ಕೆ ಕರೆದ ಹಾಗಿತ್ತು.

ಶಾಲೆಗೆ ಹಿಂದಿರುಗಿದ ದಿನವೇ ಸಂಚಾಲಕರು ಹೇಳಿ ಕಳುಹಿಸಿದರು. ಶಾಲೆ ಅವರದ್ದು. ಖಾದಿ ಉಡುವ, ಸತ್ಯವಂತ ಮನುಷ್ಯ. ಅವರ ತಮ್ಮನೊಬ್ಬ ಕುಡಿದೇ ಹಾಳಾದವನು, ಹಾಗಾಗಿ ಕಳ್ಳಿನ ಹೆಸರೆತ್ತಿದರೆ ಸಾಕು ಮೈಮೇಲೆ ಬೆಂಕಿ ಬಿದ್ದ ಹಾಗೆ ಆಡುತ್ತಿದ್ದರು. ನಾನೂ ಮಾಸ್ಟ್ರ ಜೊತೆಗೆ ಅವರ ಚಾವಡಿಗೆ ಹೋದೆ.

"ನೋಡಿ ಮಾಸ್ಟ್ರೇ, ಕುಡಿದದ್ದು ಹೌದಾದರೆ ನಿಮ್ಮನ್ನು ಇಟ್ಟುಕೊಳ್ಳುವ ಹಾಗಿಲ್ಲ. ಕಾಯಿಲೆಯೇ ಅಂತಾದರೆ, ಯಾವಾಗ ಬೇಕಾದರೂ ಬೀಳುವವರನ್ನು ಮಕ್ಕಳ ಎದುರು ಹೇಗೆ ನಿಲ್ಲಿಸುವುದು? ನೀವಾಗಿಯೇ ಬಿಟ್ಟರೆ ಮರ್ಯಾದೆ" ಎಂದರು.

ಹೇಗೆ ತಿರುಗಿದರೂ ಗೋಡೆ. ನಾನು ಮಾಸ್ಟ್ರ ಮುಖ ನೋಡಿದೆ. ಅವರು ನಗುತ್ತಿದ್ದರು, ಎಷ್ಟೋ ತಿಂಗಳ ನಂತರ.

"ನೀವು ಕುಡಿದವರನ್ನು ನೋಡಿದ್ದೀರಿ. ನನ್ನನ್ನು ನೋಡಿಲ್ಲ. ಬರುವ ವಾರ ಒಂದು ಬೆಳಿಗ್ಗೆ ಮನೆಯಲ್ಲಿ ಸೂಜಿ ತೆಗೆದುಕೊಂಡು, ತಿಂಡಿ ತಿನ್ನದೆ ಇಲ್ಲಿಗೆ ಬರ್ತೇನೆ. ಇಲ್ಲೇ ಕೂತ್ಕೊಳ್ತೇನೆ. ನಾನು ಬೀಳುವುದನ್ನೂ ನೋಡಿ, ಏಳುವುದನ್ನೂ ನೋಡಿ. ಆಮೇಲೆ ಹೇಳಿ."

ಸಂಚಾಲಕರು ಗಾಬರಿಯಿಂದ ಬೇಡ ಎಂದರು. ಡಾಕ್ಟ್ರು ಇದನ್ನು ಕೇಳಿ ಹುಚ್ಚು ಹಿಡಿದಿದೆಯಾ ಎಂದು ಕೂಗಾಡಿದರು. ಈಗಿನ ಯಾವ ಡಾಕ್ಟ್ರೂ ಇದಕ್ಕೆ ಒಪ್ಪಲಾರರು, ಒಪ್ಪಬಾರದು. ನಾನೂ ಬೇಡವೆಂದೆ. ಮಾಸ್ಟ್ರು ನನಗೆ ಕೊಟ್ಟ ಉತ್ತರ ಮಾತ್ರ ಬೇರೆಯಾಗಿತ್ತು. "ಸಂಚಾಲಕರಿಗೆ ತೋರಿಸಲಿಕ್ಕೆ ಮಾತ್ರ ಅಂತ ತಿಳಿಯಬೇಡ. ಹೆದರಿಕೊಂಡು ಎರಡು ಬೆರಳು ಕೊಟ್ಟೆ. ಈ ಸಲ ಅದನ್ನು ನಾನೇ ಕರೆದು ನೋಡ್ತೇನೆ." ಅಕ್ಕ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಹೊರಗೆ ಬಂದು, "ಹೋಗುವುದಾದರೆ ನಾನೂ ಬರ್ತೇನೆ" ಎಂದರು. ಮುಗಿಯಿತು. ಡಾಕ್ಟ್ರೂ ಬೈದುಕೊಳ್ಳುತ್ತಲೇ ಗ್ಲೂಕೋಸ್ ಇಂಜೆಕ್ಷನ್ನಿನ ಸಮೇತ ಬರುವುದೆಂದಾಯಿತು.

ಆ ಬೆಳಿಗ್ಗೆ ಚಾವಡಿಯಲ್ಲಿ ನಾವು ಐವರು. ಮಾಸ್ಟ್ರು ಒಂದು ಒರಗುಕುರ್ಚಿಯಲ್ಲಿ. ಸಂಚಾಲಕರು ಎದುರಿಗೆ. ಡಾಕ್ಟ್ರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು. ಅಕ್ಕ ಬಾಗಿಲ ಹತ್ತಿರದ ಮಣೆಯ ಮೇಲೆ, ಬೆಲ್ಲ ಕರಗಿಸಿದ ನೀರಿನ ಚೊಂಬು ಪಕ್ಕದಲ್ಲಿ. ನಾನು ಕಂಬಕ್ಕೆ ಒರಗಿ. ಮೊದಲು ಮಾಸ್ಟ್ರು ಸಂಚಾಲಕರ ಜೊತೆ ಭತ್ತದ ಬೆಳೆಯ ಬಗ್ಗೆ, ಪಾಣೆಮಂಗಳೂರಿನ ಸೇತುವೆಯ ಬಗ್ಗೆ ಲೋಕಾಭಿರಾಮ ಮಾತಾಡಿದರು. ಆಮೇಲೆ ಮಾತು ನಿಧಾನವಾಯಿತು.

"ಈಗ ಶುರುವಾಯಿತು" ಎಂದು ಅವರೇ ಹೇಳಿದರು. ಕೈ ಎತ್ತಿ ತೋರಿಸಿದರು. ಬೆರಳು ಗಾಳಿಗೆ ಅಲುಗುವ ಎಲೆಯ ಹಾಗೆ ನಡುಗುತ್ತಿತ್ತು. "ಇದು ಭಯವಲ್ಲ. ಭಯದ ಹಾಗೆಯೇ ಇರ್ತದೆ, ಅದೇ ಇದರ ಮೋಸ."

ಹಣೆಯ ಮೇಲೆ ಬೆವರು ಒಡೆಯಿತು. ಗಲ್ಲದಿಂದ ಇಳಿದು ಕೋಟಿನ ಕಾಲರು ಒದ್ದೆಯಾಯಿತು. "ಸಾಕು, ಸಾಕು, ನೋಡಿದೆ" ಎಂದು ಸಂಚಾಲಕರು ಎದ್ದೇಬಿಟ್ಟರು. ಮಾಸ್ಟ್ರು ಅವರನ್ನು ದಿಟ್ಟಿಸಿದರು. ಆ ಕಣ್ಣಿನಲ್ಲಿ ಗುರುತು ಇರಲಿಲ್ಲ. ಏನೋ ಒಂದು ಸೂತ್ರವನ್ನು ಹೇಳಲು ಹೊರಟು ಅರ್ಧದಲ್ಲಿ ತಪ್ಪಿದರು, ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ತಪ್ಪಿದರು.

ಮೊದಲೇ ಮಾತಾಡಿಕೊಂಡಿದ್ದ ಹಾಗೆ ಆಗ ಬೆಲ್ಲದ ನೀರು ಕುಡಿಸಬೇಕಿತ್ತು. ಡಾಕ್ಟ್ರು ಸನ್ನೆ ಮಾಡಿದರು. ನಾನು ಚೊಂಬು ಹಿಡಿದು ಹೋದೆ. ಅವರು ಹಲ್ಲು ಕಚ್ಚಿ ಮುಖ ತಿರುಗಿಸಿಕೊಂಡರು. "ಬೊಡ್ಚಿ" ಎಂದರು. ಬೇಡ. ಮತ್ತೆ ಪ್ರಯತ್ನಿಸಿದೆ, ಕೈಯಿಂದ ತಳ್ಳಿದರು, ಅರ್ಧ ನೀರು ನೆಲಕ್ಕೆ ಚೆಲ್ಲಿತು. ಇದನ್ನು ನಾವ್ಯಾರೂ ಎಣಿಸಿರಲಿಲ್ಲ. ಬದುಕಲಿಕ್ಕೆ ಬೇಕಾದದ್ದನ್ನೇ ದೂರ ತಳ್ಳುವ ಹಟ ಆ ಹೊತ್ತಿನಲ್ಲಿ ಬರುತ್ತದೆಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಡಾಕ್ಟ್ರು ಚೀಲದ ಬಾಯಿ ತೆರೆದರು.

"ಸ್ವಲ್ಪ ನಿಲ್ಲಿ ಡಾಕ್ಟ್ರೇ" ಎಂದರು ಅಕ್ಕ.

ಅವರು ಎದ್ದು ನನ್ನ ಕೈಯಿಂದ ಚೊಂಬು ತೆಗೆದುಕೊಂಡರು. ಗಂಡನ ಹತ್ತಿರ ಹೋಗುತ್ತಾರೆಂದು ಎಣಿಸಿದೆ. ಹೋಗಲಿಲ್ಲ. ಸಂಚಾಲಕರ ಮುಂದೆ ಹೋಗಿ ನಿಂತರು. ಆ ಕಾಲದಲ್ಲಿ, ಆ ಚಾವಡಿಯಲ್ಲಿ, ಒಬ್ಬ ಹೆಂಗಸು ಹಾಗೆ ಬಂದು ನಿಂತದ್ದು ಮೊದಲ ಸಲವೋ ಏನೋ.

"ನೀವೇ ಕುಡಿಸಿ. ನಾಳೆ ಶಾಲೆಯಲ್ಲಿ ಹೀಗಾದರೆ ನಾನು ಇರುವುದಿಲ್ಲವಲ್ಲ" ಎಂದರು.

ಚೊಂಬನ್ನು ಅವರ ಕಡೆ ಚಾಚಿದರು.

ಸಂಚಾಲಕರು ಚೊಂಬು ಹಿಡಿದುಕೊಂಡು ಮಾಸ್ಟ್ರ ಮುಂದೆ ಮೊಣಕಾಲೂರಿದರು. ಖಾದಿ ಪಂಚೆ ಚೆಲ್ಲಿದ ಬೆಲ್ಲದ ನೀರಿನಲ್ಲಿ ಅಂಟಿತು. "ಕುಡೀರಿ" ಎಂದರು. ಇಲ್ಲ. "ದಮ್ಮಯ್ಯ" ಎಂದರು. ಇಲ್ಲ. ಮಾಸ್ಟ್ರ ತಲೆ ಒಂದು ಬದಿಗೆ ವಾಲತೊಡಗಿತ್ತು. ಆಗ ಸಂಚಾಲಕರಿಗೆ ಅದು ಎಲ್ಲಿಂದ ಹೊಳೆಯಿತೋ... ಮಾಸ್ಟ್ರ ಭುಜದ ಮೇಲೆ ಕೈಯಿಟ್ಟು, ಬಹಳ ಸಹಜವಾಗಿ ಹೇಳಿದರು.

"ಮಾಸ್ಟ್ರೇ, ಗಂಟೆ ಹೊಡೆಯಿತು. ಮಕ್ಕಳು ಕಾಯ್ತಾ ಇದ್ದಾರೆ. ಇದನ್ನು ಕುಡಿದು ಕ್ಲಾಸಿಗೆ ಹೋಗುವ."

ಮಾಸ್ಟ್ರ ಬಾಯಿ ತೆರೆಯಿತು. ಮಗುವಿನ ಹಾಗೆ, ಗುಟುಕು ಗುಟುಕಾಗಿ, ಚೊಂಬಿನಲ್ಲಿ ಉಳಿದದ್ದನ್ನು ಪೂರ್ತಿ ಕುಡಿದರು.

ಡಾಕ್ಟ್ರು ನಾಡಿ ಹಿಡಿದು ಕೂತಿದ್ದರು. ಸ್ವಲ್ಪ ಹೊತ್ತಿನಲ್ಲಿ ಬೆವರು ಆರಿತು. ಮುಖಕ್ಕೆ ಬಣ್ಣ ಬಂತು. ಮಾಸ್ಟ್ರು ಕಣ್ಣುಜ್ಜಿಕೊಂಡು, ಎದುರಿಗೆ ಮೊಣಕಾಲೂರಿ ಕೂತಿದ್ದ ಸಂಚಾಲಕರನ್ನು ನೋಡಿ ಗಡಿಬಿಡಿಯಿಂದ ಎದ್ದು ಕೂತರು. "ಗಂಟೆ ಎಷ್ಟಾಯಿತು? ಮೊದಲ ಪೀರಿಯಡ್ಡು ಹೋಗಿರಬೇಕು. ಎರಡನೆಯದು ಫಿಫ್ತ್ ಫಾರ್ಮಿನದ್ದು ಉಂಟು" ಎಂದರು.

"ತಿಂಡಿ ತಿಂದು ಹೋಗಿ" ಎಂದರು ಸಂಚಾಲಕರು. ಅವರ ಮನೆಯದ್ದೇ ನೀರುದೋಸೆ. ಮಾಸ್ಟ್ರು ಹೊಟ್ಟೆ ತುಂಬ ತಿಂದರು, ಕುಂಟುತ್ತಾ ಶಾಲೆಗೆ ನಡೆದರು, ಪಾಠ ಮಾಡಿದರು. ರಾಜೀನಾಮೆಯ ಮಾತು ಮತ್ತೆ ಬರಲಿಲ್ಲ. ತಪ್ಪಾಯಿತು ಎಂದು ಸಂಚಾಲಕರು ಯಾವತ್ತೂ ಹೇಳಲಿಲ್ಲ. ಕ್ಲಾಸಿಗೆ ಹೋಗುವ ಎಂದು ತನ್ನ ಬಾಯಿಯಿಂದಲೇ ಕರೆದ ಮೇಲೆ ಬೇರೆ ಏನು ಹೇಳಲಿಕ್ಕಿತ್ತು?

ನನಗೆ ಆ ಬೆಳಗಿಗಿಂತ ಅದರ ಮರುದಿನವೇ ಹೆಚ್ಚು ನೆನಪಿರುವುದು. ಮಾಸ್ಟ್ರು ಕಿಸೆಯ ಬೆಲ್ಲವನ್ನು ತೆಗೆದು, ಒಂದು ತಗಡಿನ ಡಬ್ಬಿಗೆ ಹಾಕಿ, ಕ್ಲಾಸಿನ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಕಾಯಿಲೆ ಇರುವುದನ್ನು ಮುಚ್ಚಿಡುವ ಕಾಲ ಅದು, ಮಗಳಿಗೆ ಗಂಡು ಸಿಗಲಿಕ್ಕಿಲ್ಲವೆಂದು, ನೆಂಟರು ಆಡಿಕೊಳ್ಳುತ್ತಾರೆಂದು. ಅವರು ಬೋರ್ಡಿನ ಮುಂದೆ ನಿಂತು ಮಕ್ಕಳಿಗೆ ಹೇಳಿದರು, ನನಗೆ ಇಂಥ ಕಾಯಿಲೆ ಉಂಟು, ನಾನು ಬೆವರಿದರೆ, ತಪ್ಪು ತಪ್ಪು ಬರೆದರೆ, ಬೈದರೆ, ಯಾರಾದರೂ ಎದ್ದು ಬಂದು ಬೆಲ್ಲ ಕೊಡಿ, ಬೇಡವೆಂದರೂ ಬಿಡಬೇಡಿ. ಮಕ್ಕಳು ಕಲಿತರು. ಹಲವು ಸಲ ಕೊಟ್ಟರು ಕೂಡ. ಬಾಕಿ ಸಮಯದಲ್ಲಿ ಅದರ ದುರುಪಯೋಗವನ್ನೂ ಕಲಿತರು. ಲೆಕ್ಕ ಕಷ್ಟವಾದರೆ ಹಿಂದಿನ ಬೆಂಚಿನಿಂದ "ಸಾರ್, ಬೆಲ್ಲ ಬೇಕಾ?" ಎಂದು ಯಾರೋ ಕೂಗುವುದು, ಇಡೀ ಕ್ಲಾಸು ನಗುವುದು. "ಬೆಲ್ಲ ನನಗಲ್ಲ, ನಿನ್ನ ತಲೆಗೆ ಬೇಕು" ಎಂದು ಮಾಸ್ಟ್ರು ಅವನನ್ನೇ ಬೋರ್ಡಿಗೆ ಕರೆಯುವುದು.

ಭಯ ಹೋಯಿತು ಎಂದು ನಾನು ಬರೆಯಲಾರೆ. ಹೋಗಿರಲಿಲ್ಲ. ಕೈ ನಡುಗಿದಾಗಲೆಲ್ಲ ಅವರ ಕಣ್ಣಿನಲ್ಲಿ ಅದು ಒಮ್ಮೆ ಹಾದುಹೋಗುವುದನ್ನು ನಾನು ಕಂಡಿದ್ದೇನೆ. ಆದರೆ ಅದಕ್ಕೆ ಮಣಿದು ಮದ್ದು ಇಳಿಸುವುದನ್ನು ಅವರು ಮತ್ತೆ ಮಾಡಲಿಲ್ಲ. ಮದುವೆಗೆ ಕರೆದಲ್ಲಿಗೆ ಹೋದರು. ಎಲೆ ಹಾಕುವುದು ತಡವಾದರೆ ಹಿರಿಯರ ಸಾಲಿನಲ್ಲೇ ಕೂತು, ಎಲ್ಲರೂ ನೋಡುತ್ತಿರುವ ಹಾಗೆ ಬೆಲ್ಲ ಕಚ್ಚಿದರು. ಒಮ್ಮೆ ಫರಂಗಿಪೇಟೆಯಲ್ಲಿ ಬಸ್ಸಿನೊಳಗೆ, ಪಕ್ಕದಲ್ಲಿದ್ದ ಅಪರಿಚಿತನಿಗೆ ಜೋರಾಗಿ, "ನನಗೆ ಸಕ್ಕರೆ ಇಳಿಯುತ್ತಾ ಉಂಟು. ನಾನು ತೂರಾಡಿದರೆ ಕುಡಿದಿದ್ದೇನೆ ಅಂತ ತಿಳಿಯಬೇಡಿ, ಈ ಬೆಲ್ಲ ಬಾಯಿಗೆ ಹಾಕಿ" ಎಂದರು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮಾಸ್ಟ್ರು ಎಲ್ಲರನ್ನೂ ತಿರುಗಿ ನೋಡಿದರು.

ಅರುವತ್ತರ ದಶಕದ ನಡುವಿನಲ್ಲಿ ನನಗೆ ಬೆಳ್ತಂಗಡಿಯ ಕಡೆಯ ಶಾಲೆಯಲ್ಲಿ ಕೆಲಸವಾಯಿತು, ಮದುವೆಯಾಯಿತು, ಹೋಗಿ ಬರುವುದು ಕಡಿಮೆಯಾಯಿತು. ಅವರು ನಿವೃತ್ತಿಯ ದಿನದವರೆಗೆ ಪಾಠ ಮಾಡಿದರೆಂದು ಕೇಳಿದ್ದೇನೆ. ಕೊನೆಕೊನೆಗೆ ಕಣ್ಣು ಮಂಜಾಗಿತ್ತಂತೆ. ಬೋರ್ಡು ಕಾಣದಿದ್ದರೂ ಬಾಯಿಯಲ್ಲೇ ಲೆಕ್ಕ ಬಿಡಿಸಿ ಹೇಳುತ್ತಿದ್ದರಂತೆ. ಮುಂದೊಂದು ಮಳೆಗಾಲದಲ್ಲಿ ಹೃದಯ ನಿಂತಿತು. ಸುದ್ದಿ ಮುಟ್ಟಿ ನಾನು ಹೋಗುವಾಗ ಎಲ್ಲ ಮುಗಿದಿತ್ತು. ಬಂದವರೆಲ್ಲ, ಪಾಪ, ಸಕ್ಕರೆ ಕಾಯಿಲೆ ತಿಂದುಹಾಕಿತು ಎನ್ನುತ್ತಿದ್ದರು. ಅಕ್ಕ ನನ್ನನ್ನು ಕಂಡು ಹೇಳಿದ್ದು ಒಂದೇ ಮಾತು. "ಹೋದ ದಿನ ಬೆಳಿಗ್ಗೆ ಕೂಡ ಸೂಜಿ ತಪ್ಪಿಸಲಿಲ್ಲ." ಅದನ್ನು ಹೇಳುವಾಗ ಅವರ ಮುಖದಲ್ಲಿದ್ದದ್ದು ಅಳುವಲ್ಲ... ಆಮೇಲೆ ಅಕ್ಕನೂ ಹೋದರು. ಡಾಕ್ಟ್ರು, ಸಂಚಾಲಕರು ಅದಕ್ಕೂ ಮೊದಲೇ ಹೋಗಿದ್ದರು. ಆ ಚಾವಡಿಯಲ್ಲಿದ್ದವರಲ್ಲಿ ಈಗ ಉಳಿದಿರುವುದು ನಾನೊಬ್ಬ.

ಮೊನ್ನೆ ನನ್ನ ಡಾಕ್ಟ್ರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಬಸ್ ಕಂಡಕ್ಟರ್ ಕೂತಿದ್ದ. ಮೂವತ್ತರ ಆಸುಪಾಸಿನವನು. ಮಾತಿಗೆ ಮಾತು ಬಂತು. ಅವನೂ ಇನ್ಸುಲಿನ್ನಿನವನೇ. ಧ್ವನಿ ತಗ್ಗಿಸಿ ಹೇಳಿದ, ಡ್ಯೂಟಿಯ ದಿನ ಸೂಜಿ ತೆಗೆದುಕೊಳ್ಳುವುದಿಲ್ಲವಂತೆ. ಒಮ್ಮೆ ಟಿಕೆಟು ಕೊಡುತ್ತಾ ಇರುವಾಗ ಶುಗರ್ ಇಳಿದು ಬಿದ್ದನಂತೆ, ಯಾರೋ ವೀಡಿಯೋ ಮಾಡಿದರಂತೆ. "ಕುಡಿದಿದ್ದಾನೆ ಅಂತ ಹಾಕಿದ್ರು ಅಜ್ಜ. ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಆಗದಿದ್ದರೆ ಸಾಕು. ಡಾಕ್ಟ್ರಿಗೆ ಹೇಳಬೇಡಿ."

ನಾನು ಅವನಿಗೆ ಮಾಸ್ಟ್ರ ಕತೆ ಹೇಳಿದೆ. ಬೆಂಚಿನ ಕತೆ, ಹೋದ ಬೆರಳುಗಳ ಕತೆ, ಚಾವಡಿಯ ಕತೆ. ಅವನು ಮೊಬೈಲನ್ನು ಕಿಸೆಗೆ ಹಾಕಿ ಕೇಳಿದ. ಮುಗಿದ ಮೇಲೆ, "ಅವರ ಹೆಸರು ಎಂತ?" ಎಂದ.

ಹೇಳಿದೆ. ಅವನು ಕೇಳಿರಲಿಲ್ಲ. ಎಲ್ಲಿಂದ ಕೇಳಿರುತ್ತಾನೆ? ಎಷ್ಟೋ ವರ್ಷಗಳಿಂದ ನನ್ನ ಬಾಯಿಯಿಂದಲೂ ಆ ಹೆಸರು ಹೊರಗೆ ಬಂದಿರಲಿಲ್ಲ. ಹೊರಗೆ ಬಂದಾಗ ಅದು ನನ್ನ ಕಿವಿಗೇ ಬೇರೆ ಯಾರದ್ದೋ ಹೆಸರಿನ ಹಾಗೆ ಕೇಳಿತು.

ಅಷ್ಟರಲ್ಲಿ ಅವನನ್ನು ಒಳಗೆ ಕರೆದರು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಕೂರುವ ಮೊದಲೇ ಅವನು ಹೇಳಿದ್ದು, ಹೊರಗೆ ಕಾಯುತ್ತಿದ್ದ ನಮಗೆಲ್ಲ ಕೇಳುವ ಹಾಗೆ, ಸ್ಪಷ್ಟವಾಗಿ ಬಂತು.

"ಡಾಕ್ಟ್ರೇ, ನಾನು ಸೂಜಿ ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ನನಗೆ ಹೆದರಿಕೆ ಆಗ್ತದೆ."